ಸಹಾಯ ಬೇಕು: ಬೆಳೆಯುವ ಕೈಕಾಲುಗಳಲ್ಲಿ ನರಗಳಿಗೆ ದಾರಿ ತೋರುವ ರಾಸಾಯನಿಕ ಸಂಕೇತಗಳು

ಜೀವಶಾಸ್ತ್ರ ಬಲ್ಲ ಎಲ್ಲರಿಗೂ ನಮಸ್ಕಾರ. ಭ್ರೂಣದ ಅಂಗಮೊಗ್ಗಿನಲ್ಲಿ (ಮುಂದೆ ಕೈ ಅಥವಾ ಕಾಲಾಗುವ ಮೊಗ್ಗು) ನರಗಳೂ ಸ್ನಾಯುಗಳೂ ತಮ್ಮ ನೆಲೆಯನ್ನು ಕಂಡುಕೊಳ್ಳುವ ಬಗೆಯನ್ನು ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಎರಡು ವಿಷಯಗಳಲ್ಲಿ ತಮ್ಮ ನೆರವು ಬೇಕಾಗಿದೆ.

ಸ್ನಾಯುವಿನ ಭಾಗ ಹೋಲಿಕೆಯಲ್ಲಿ ಸುಲಭ. ಅಂಗಮೊಗ್ಗಿನ ಜೀವಕೋಶಗಳು ಸ್ರವಿಸುವ ಎಚ್‌ಜಿಎಫ್ ಪ್ರೋಟೀನನ್ನು ಮೆಟ್ ಎಂಬ ಗ್ರಾಹಕದ (ಸಂಕೇತವನ್ನು ಹಿಡಿಯುವ ಪ್ರೋಟೀನು) ಮೂಲಕ ಗುರುತಿಸುವ, ಮುಂದೆ ಸ್ನಾಯುವಾಗುವ ಪೂರ್ವಕೋಶಗಳು ಸೋಮೈಟ್‌ಗಳಿಂದ (ಭ್ರೂಣದ ಬೆನ್ನುಹುರಿಯ ಇಕ್ಕೆಲಗಳಲ್ಲಿರುವ ಅಂಗಾಂಶದ ತುಂಡುಗಳು) ಕಳಚಿಕೊಂಡು ಮೊಗ್ಗಿನೊಳಗೆ ವಲಸೆ ಬರುತ್ತವೆ. ಮೆಟ್ ಇಲ್ಲದ ಇಲಿ ಭ್ರೂಣಗಳಲ್ಲಿ ಕೈಕಾಲಿನ ಸ್ನಾಯುಗಳೇ ಮೂಡುವುದಿಲ್ಲ.

ತೊಡಕಿರುವುದು ನರಗಳಲ್ಲಿ. ಬೆನ್ನುಹುರಿಯಿಂದ ಹೊರಟ ಚಾಲಕ (ಸ್ನಾಯುಗಳನ್ನು ಆಡಿಸುವ) ನರತಂತುಗಳು ಅಂಗದ ಬುಡದಲ್ಲಿ ಎರಡಾಗಿ ಕವಲೊಡೆಯುವಾಗ, ಎಫ್‌ಎ4 ಗ್ರಾಹಕ ಹೇರಳವಾಗಿರುವ ತಂತುಗಳನ್ನು ಅಂಗದ ಕೆಳಬದಿಯ ಎಫ್ರಿನ್-ಎ ಪ್ರೋಟೀನುಗಳು ದೂರ ತಳ್ಳುತ್ತವೆ, ಅದೇ ತಂತುಗಳನ್ನು ಜಿಡಿಎನ್‌ಎಫ್ ಎಂಬ ಪ್ರೋಟೀನು ಮೇಲ್ಬದಿಗೆ ಸೆಳೆಯುತ್ತದೆ. ತಳ್ಳುವ ಮತ್ತು ಸೆಳೆಯುವ ಈ ಸಂಕೇತಗಳು ಒಂದೇ ತಂತುವಿನ ಬೆಳೆಯುವ ತುದಿಯೊಳಗೆ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದನ್ನು ಯಾರಾದರೂ ಹಂತಹಂತವಾಗಿ ವಿವರಿಸುವಿರಾ?

ಎರಡನೆಯದು, ಸ್ನಾಯುಗಳು ಬೆಳೆಯದಂತೆ ಮಾಡಿದ ಕೋಳಿ ಭ್ರೂಣದ ಅಂಗದಲ್ಲಿಯೂ ಮುಖ್ಯ ನರಕಾಂಡಗಳು ಸರಿದಾರಿಯಲ್ಲೇ ಸಾಗುತ್ತವೆ, ಆದರೆ ಸ್ನಾಯುವಿಗೆ ಹೋಗಬೇಕಾದ ಕವಲುಗಳು ಮೂಡುವುದಿಲ್ಲ (ಈ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗವೆನಿಸಿದ ಫಲಿತಾಂಶವಿದು). ಹಾಗಾದರೆ ಕವಲೊಡೆಯುವಂತೆ ಪ್ರಚೋದಿಸಲು ಸ್ನಾಯುವಿನಿಂದ ಹೊರಡುವ ಸಂಕೇತಗಳು ಯಾವುವು? ಇದನ್ನು ತೋರಿಸುವ ಸರಳ ರೇಖಾಚಿತ್ರವಿದ್ದರೆ ದಯವಿಟ್ಟು ಹಂಚಿಕೊಳ್ಳಿ.