ಅಮೆರಿಕದ ಗರ್ಲ್ ಗ್ರೂಪ್ 45ಗಳಿಗೆ ಬೂಷ್ಟು: ತೊಳೆಯೋದು ಹೇಗೆ, ಮೊದಲ ಅಚ್ಚು ಗುರುತಿಸೋದು ಹೇಗೆ?

ಕೋಡಿಬಾಗ್ ತಿರುಗುಮೇಜು (ಕಾರವಾರ)

ಎಲ್ಲರಿಗೂ ನಮಸ್ಕಾರ. ಗೋವಾ ಕಡೆಯ ಹಳೇ ಮನೆಯೊಂದರಿಂದ ಬಂದ ಲಾಟ್ ಇದು, ಒಟ್ಟು 64 ಗ್ರಾಮಫೋನ್ ಪ್ಲೇಟು. 7 ಇಂಚಿನವು (ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್‌ಗಳು) 58. ಅದರಲ್ಲಿ 41 ಅಮೆರಿಕದ್ದು, ಗರ್ಲ್ ಗ್ರೂಪ್ ಅಂದರೆ ಹುಡುಗಿಯರ ಗಾಯನ ತಂಡಗಳವು, ನಡುವೆ ದೊಡ್ಡ ತೂತಿನವು. ಲೇಬಲ್‌ಗಳು, ಅಂದರೆ ಹಾಡು ಹೊರತಂದ ಕಂಪನಿಗಳು: ಫಿಲ್ಲೀಸ್, ರೆಡ್ ಬರ್ಡ್, ಡೈಮೆನ್ಶನ್, ಸೆಪ್ಟರ್, ಲಾರಿ. ಹೆಸರೇ ಕೇಳಿರದ ಲೇಬಲ್ ಏಳೆಂಟಿವೆ. 11 ಬ್ರಿಟನ್ನಿನವು. 6 ನಮ್ಮ ಕಡೆಯವೇ, ಎಚ್‌ಎಂವಿಯ ಕೊಂಕಣಿ ಹಾಡುಗಳು. ಇವಲ್ಲದೆ ನಿಮಿಷಕ್ಕೆ 78 ಸುತ್ತಿನ 10 ಇಂಚಿನವು ಆರು ಇವೆ, ಪಾರ್ಲೋಫೋನ್ ಲೇಬಲ್, ಡಂ ಡಂ (ಕಲ್ಕತ್ತದ ಕಾರ್ಖಾನೆ) ಅಂತ ಅಚ್ಚಿದೆ.

ಮಳೆಗಾಲ ಪೂರ್ತಿ ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು. ಕಾಗದದ ಕವರುಗಳಿಗೆ ಬಿಳಿ ಬೂಷ್ಟು ಬಂದಿದೆ, ಕೆಲವು ಪ್ಲೇಟುಗಳ ಮೇಲೂ ಚುಕ್ಕೆ ಚುಕ್ಕೆಯಾಗಿ ಹಬ್ಬಿದೆ. ಎಲ್ಲವನ್ನೂ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿಬಿಡಲೇ? ಇವುಗಳಲ್ಲಿ ಅರವತ್ತರ ದಶಕದ ಅಸಲಿ ಅಚ್ಚು ಯಾವುದು, ಆಮೇಲೆ ಬಂದದ್ದು ಯಾವುದು ಅಂತ ತಿಳಿಯೋದು ಹೇಗೆ? ಇನ್ನು ನುಡಿಸಲಿಕ್ಕೆ, ಹಡಗಿನವರು ಅಮೆರಿಕದಿಂದ ತಂದ 110 ವೋಲ್ಟಿನ ಹಳೇ ಟರ್ನ್‌ಟೇಬಲ್ ಒಂದಿದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ನಡೆದೀತೇ?

ಸಿರ್ಸಿ ಸೂಜಿ

ಸ್ಪಿರಿಟ್ ಬಾಟಲಿಗೆ ಮುಚ್ಚಳ ಹಾಕಿ ಬದಿಗಿಡಿ ಮಾರಾಯ್ರೆ. ನಿಮ್ಮ ಪೆಟ್ಟಿಗೆಯಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ. ಮೊದಲು ವಿಂಗಡಿಸಿ, ತೊಳೆಯೋದು ಆಮೇಲೆ.

78ಗಳು ಶೆಲ್ಲಾಕ್, ಅಂದರೆ ಅರಗು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಗೆರೆಗಳೇ ಅಳಿಸಿಹೋಗುತ್ತವೆ. ಬ್ರಿಟನ್ನಿನ 45ಗಳು ಮತ್ತು ಎಚ್‌ಎಂವಿಯವು ವಿನೈಲ್. ತಲೆನೋವು ಇರೋದು ಅಮೆರಿಕದವುಗಳಲ್ಲಿ. ಆ ಕಾಲದ ಅಮೆರಿಕದ ಸಿಂಗಲ್‌ಗಳಲ್ಲಿ ದೊಡ್ಡ ಪಾಲು ವಿನೈಲ್ ಅಲ್ಲ, ಪಾಲಿಸ್ಟೈರೀನ್. ಅಚ್ಚಿಗೆ ದ್ರವ ನುಗ್ಗಿಸಿ ಮಾಡೋದರಿಂದ ಬೇಗ ಆಗುತ್ತಿತ್ತು, ಅಗ್ಗವೂ ಆಗುತ್ತಿತ್ತು. ಗುರುತು ಹೀಗೆ: ವಿನೈಲ್‌ನಲ್ಲಿ ಲೇಬಲ್ ಪ್ಲೇಟಿನ ಜೊತೆಗೇ ಒತ್ತಿ ಕೂತಿರುತ್ತದೆ, ಅಂಚಿಗೆ ಉಗುರು ಸಿಗೋದಿಲ್ಲ. ಸ್ಟೈರೀನ್‌ನಲ್ಲಿ ಲೇಬಲ್ ಆಮೇಲೆ ಅಂಟಿಸಿದ್ದು, ಅಂಚು ಉಗುರಿಗೆ ಸಿಗುತ್ತದೆ, ಕೆಲವು ಕಡೆ ಎದ್ದೂ ಇರುತ್ತದೆ. ಪ್ಲೇಟು ಹಗುರ, ಸೆಟೆದ ಹಾಗೆ ಗಟ್ಟಿ. ಉಗುರಲ್ಲಿ ತಟ್ಟಿದರೆ ಟಕ್ ಅಂತ ಒಣ ಸದ್ದು, ವಿನೈಲ್ ಮಂದವಾಗಿ ಸದ್ದು ಕೊಡುತ್ತದೆ. ಬಗ್ಗಿಸಿ ನೋಡುವ ಪರೀಕ್ಷೆ ಮಾತ್ರ ಬೇಡ. ಸ್ಟೈರೀನ್ ಬಗ್ಗೋದಿಲ್ಲ, ಸೀಳುತ್ತದೆ.

ಬೂಷ್ಟನ್ನು ಮೊದಲು ಒಣದಾಗಿಯೇ ತೆಗೆಯಿರಿ. ಬಿಸಿಲಿಲ್ಲದ ಜಗಲಿಯಲ್ಲಿ, ಮುಖಕ್ಕೆ ಮಾಸ್ಕ್ ಹಾಕಿ, ಮೆತ್ತನೆಯ ಬ್ರಷ್‌ನಿಂದ ಗೆರೆ ತಿರುಗಿದ ದಿಕ್ಕಿಗೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಗೆರೆಯೊಳಗೆ ಮತ್ತೂ ಇಳಿಯುತ್ತದೆ. ಹಳೇ ಕಾಗದದ ಕವರುಗಳನ್ನು ಸುಟ್ಟುಬಿಡಿ. ಕಂಪನಿಯ ಹೆಸರು ಅಚ್ಚಾದ ಕವರ್ ಇದ್ದರೆ ಅದನ್ನು ಬೇರೆಯಾಗಿ ಒಣಗಿಸಿ, ಪ್ಲೇಟಿನಿಂದ ದೂರ ಇಡಿ.

ವಿನೈಲ್‌ಗೆ: ಡಿಸ್ಟಿಲ್ಡ್ ವಾಟರ್ 800 ಮಿಲಿ, 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ 200 ಮಿಲಿ, ಬಣ್ಣ-ಪರಿಮಳ ಇಲ್ಲದ ಪಾತ್ರೆ ತೊಳೆಯುವ ದ್ರವ ಮೂರು ಹನಿ. ಲೇಬಲ್ ನೆನೆಯದ ಹಾಗೆ ಹಚ್ಚಿ, ಎರಡು ನಿಮಿಷ ಬಿಟ್ಟು, ಬ್ರಷ್ ಆಡಿಸಿ. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ತೊಳೆಯಿರಿ. ಈ ಎರಡನೇ ಸಲವನ್ನು ಎಲ್ಲರೂ ಬಿಡುತ್ತಾರೆ, ಆಮೇಲೆ ಸೂಜಿಯ ತುದಿಗೆ ಬಿಳಿ ಹಿಟ್ಟು ಬಂತು ಅಂತ ದೂರುತ್ತಾರೆ. ಅದು ಒಣಗಿದ ಸಾಬೂನು.

ಸ್ಟೈರೀನ್‌ಗೆ ಆಲ್ಕೋಹಾಲ್ ಹಾಕಲೇಬೇಡಿ, ಕಣ್ಣಿಗೆ ಕಾಣದ ಬಿರುಕುಗಳು ಬೆಳೆಯಬಹುದು. ಲೀಟರ್ ನೀರಿಗೆ ಅದೇ ಪಾತ್ರೆ ತೊಳೆಯುವ ದ್ರವ ಮೂರು ಹನಿ ಹಾಕಿ, ಮೈಕ್ರೋಫೈಬರ್ ಬಟ್ಟೆ ಹಿಂಡಿ ಒರೆಸಿದರೆ ಸಾಕು. ನೀರಲ್ಲಿ ಮುಳುಗಿಸಿದರೆ ಲೇಬಲ್ ಕಳಚಿ ಕೈಗೆ ಬರುತ್ತದೆ. 78ಕ್ಕೂ ಇದೇ ನೀರು, ಆದರೆ ಕೈ ಚುರುಕಾಗಿರಲಿ. ಅಂಚಿನ ಬಿರುಕಿಗೆ ನೀರು ಇಳಿದರೆ ಒಳಗಿನದು ಉಬ್ಬುತ್ತದೆ. ತಕ್ಷಣ ಒರೆಸಿ, ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿ.

ಸರ್ಜಿಕಲ್ ಸ್ಪಿರಿಟ್‌ನಲ್ಲಿ ಎಣ್ಣೆ ಬೆರೆತಿರಬಹುದು, ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ. ಎರಡೂ ಗೆರೆಯಲ್ಲಿ ಜಿಡ್ಡು ಬಿಡುತ್ತವೆ. ಐಸೋಪ್ರೊಪೈಲ್ ಅನ್ನು ಮೊಬೈಲ್ ರಿಪೇರಿಯವರು ದಿನಾ ಬಳಸುತ್ತಾರೆ, ಅವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಹೇಳುತ್ತಾರೆ.

ಕುಮಟಾ ಮಾನೋ

ತೊಳೆಯೋದರ ಬಗ್ಗೆ ಸೂಜಿಯವರು ಹೇಳಿದ ಮೇಲೆ ಸೇರಿಸುವಂಥದ್ದಿಲ್ಲ. ಅಸಲಿ ಯಾವುದು ಅನ್ನೋದಕ್ಕೆ ಬರ್ತೇನೆ.

ಲೇಬಲ್ ನೋಡೋಕಿಂತ ಮೊದಲು ಲೇಬಲ್‌ಗೂ ಕೊನೆಯ ಗೆರೆಗೂ ನಡುವಿನ ಖಾಲಿ ಪಟ್ಟಿ ನೋಡಿ. ಟಾರ್ಚ್ ಓರೆಯಾಗಿ ಹಿಡಿದರೆ ಅಲ್ಲಿ ಕೆತ್ತಿದ ಅಕ್ಷರ ಕಾಣುತ್ತವೆ. ಪುಟ್ಟ ತ್ರಿಕೋನ, ಅದರ ಪಕ್ಕ ಐದಂಕಿಯ ಸಂಖ್ಯೆ, ಜೊತೆಗೆ ವೃತ್ತದೊಳಗೆ ಎಂ-ಆರ್ ಇದ್ದರೆ ಅದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ಅಚ್ಚು, ಬಹುಪಾಲು ಸ್ಟೈರೀನ್. ತ್ರಿಕೋನದ ಪಕ್ಕದ ಸಂಖ್ಯೆ ಕೆಲಸ ಬಂದ ಕ್ರಮದಲ್ಲಿ ಏರುತ್ತಾ ಹೋಗುತ್ತದೆ, ಹಾಗಾಗಿ ಯಾವ ವರ್ಷದ್ದು ಅಂತ ಅಂದಾಜು ಸಿಗುತ್ತದೆ. ಖಾಲಿ ಪಟ್ಟಿಯ ಅಕ್ಷರಗಳನ್ನು ಗೀಟು, ಚುಕ್ಕೆ ಸಮೇತ ಬರೆದುಕೊಂಡು 45ಕ್ಯಾಟ್ ಮತ್ತು ಡಿಸ್ಕಾಗ್ಸ್ ವೆಬ್‌ಸೈಟ್‌ಗಳಲ್ಲಿ ಹೋಲಿಸಿ. ಹಾಡಿನ ಹೆಸರು ಹಾಕಿ ಹುಡುಕಿದರೆ ಹತ್ತು ಅಚ್ಚು ಒಟ್ಟಿಗೆ ಬಂದು ತಲೆ ಕೆಡುತ್ತದೆ.

ಲೇಬಲ್ ಮೇಲಿನ ವಿಳಾಸದಲ್ಲಿ ಜಿಪ್ ಕೋಡ್ ಇದೆಯೇ ನೋಡಿ. ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 1963ರ ಜುಲೈನಲ್ಲಿ. 1961ರ ಹಾಡಿನ ಲೇಬಲ್ ಮೇಲೆ ಜಿಪ್ ಕೋಡ್ ಇದ್ದರೆ ಅದು ಮರು ಅಚ್ಚು, ವಾದವೇ ಬೇಡ. ಲಾಸ್ಟ್ ನೈಟ್, ಕಲೆಕ್ಟಬಲ್ಸ್ ಅಂತ ಇದ್ದರೆ ಅವು ಹಳೇ ಹಾಡುಗಳನ್ನೇ ಮತ್ತೆ ಅಚ್ಚು ಹಾಕಿದ ಲೇಬಲ್‌ಗಳು. ಕೇಳಲು ಚೆಂದ, ಸಂಗ್ರಹದ ಬೆಲೆ ಇಲ್ಲ.

ನಿಮ್ಮ ಲೇಬಲ್‌ಗಳಲ್ಲಿ ನೋಡಬೇಕಾದ್ದು ಹೇಳ್ತೇನೆ. ಸೆಪ್ಟರ್ 1211 (ಲೇಬಲ್ ಮೇಲಿನ ಪ್ಲೇಟಿನ ಸಂಖ್ಯೆ) ಇದೆಯಾ? ಶಿರೆಲ್ಸ್‌ರ 1960ರ ಪ್ಲೇಟು. ಮೊದಲ ಅಚ್ಚುಗಳಲ್ಲಿ ಹಾಡಿನ ಹೆಸರು ಬರೀ 'ಟುಮಾರೋ' ಅಂತಿರುತ್ತದೆ, 'ವಿಲ್ ಯು ಲವ್ ಮಿ ಟುಮಾರೋ' ಅನ್ನೋ ಪೂರ್ತಿ ಹೆಸರು ಆಮೇಲೆ ಬಂದದ್ದು. ಅದೇ ಪ್ಲೇಟಿನ ಹಿಂಬದಿಯ 'ಬಾಯ್ಸ್' ಹಾಡನ್ನೇ ಬೀಟಲ್ಸ್ 1963ರ ಮೊದಲ ಎಲ್‌ಪಿಗೆ ಎತ್ತಿಕೊಂಡದ್ದು. ಡೈಮೆನ್ಶನ್ 1002 ಇದ್ದರೆ ಅದು ಕುಕೀಸ್‌ರ 'ಚೈನ್ಸ್', ಅದೂ ಅದೇ ಎಲ್‌ಪಿಗೆ ಹೋಯಿತು. ಹೆಸರು ಕೇಳದ ಲೇಬಲ್‌ಗಳಲ್ಲಿ 'ಬ್ರೆಂಟ್' ಅಂತ ಕಂಡು, ಹಾಡುಗಾರರು ಡೊನೇಸ್ ಅಂತಿದ್ದರೆ ಅದನ್ನು ಪ್ರತ್ಯೇಕ ಇಡಿ. 1962ರದ್ದು. ಬೀಟಲ್ಸ್ ಎರಡನೇ ಎಲ್‌ಪಿಯಲ್ಲಿ 'ಹಿಸ್' ಅನ್ನು 'ಹರ್' ಮಾಡಿ ಹಾಡಿದ್ದು ಅವರದೇ ಹಾಡು, 'ಡೆವಿಲ್ ಇನ್ ಹಿಸ್ ಹಾರ್ಟ್'.

ಫಿಲ್ಲೀಸ್‌ಗೆ ಒಂದು ಮಾತು. ಹಿಂಬದಿಯಲ್ಲಿ ಗಾಯಕಿಯರ ದನಿಯೇ ಇಲ್ಲದೆ ಬರೀ ವಾದ್ಯ ಇದ್ದರೆ ಪ್ಲೇಟು ಕೆಟ್ಟಿದೆ ಅಂದುಕೊಳ್ಳಬೇಡಿ. ರೇಡಿಯೋದವರು ತಿರುಗಿಸಿ ಹಾಕದಿರಲಿ ಅಂತ ಫಿಲ್ಲೀಸ್‌ನ ನಿರ್ಮಾಪಕ ಫಿಲ್ ಸ್ಪೆಕ್ಟರ್ ಬೇಕೆಂದೇ ಹಿಂಬದಿಗೆ ಏನೋ ಒಂದು ತುಂಬುತ್ತಿದ್ದ. ಫಿಲ್ಲೀಸ್ 116ರ ಹಿಂಬದಿಯ ಹೆಸರು 'ಟೆಡೆಸ್ಕೋ ಅಂಡ್ ಪಿಟ್‌ಮನ್'. ಅವರಿಬ್ಬರೂ ಆ ಸ್ಟುಡಿಯೋದ ಗಿಟಾರ್ ವಾದಕರು! ಕ್ಯಾಟಲಾಗ್ ಬರೆಯುವಾಗ ಇನ್ನೊಂದು: 106ರ ಮೇಲೆ ಕ್ರಿಸ್ಟಲ್ಸ್ ಅಂತ ಅಚ್ಚಾಗಿದ್ದರೂ ಹಾಡಿದ್ದು ಡಾರ್ಲಿನ್ ಲವ್ ಮತ್ತು ಬ್ಲಾಸಮ್ಸ್. ಲೇಬಲ್‌ನಲ್ಲಿ ಇರುವ ಹಾಗೇ ದಾಖಲಿಸಿ, ನಿಜ ಸಂಗತಿ ಷರಾದಲ್ಲಿ ಬರೆಯಿರಿ.

ಆ ಏಳೆಂಟು ಅಪರಿಚಿತ ಲೇಬಲ್‌ಗಳೇ ನಿಮ್ಮ ಪೆಟ್ಟಿಗೆಯ ನಿಜವಾದ ಸರಕು ಇರಬಹುದು. ಹಿಟ್ ಆದದ್ದು ಲಕ್ಷಗಟ್ಟಲೆ ಅಚ್ಚಾಯಿತು, ಈಗಲೂ ಸಿಗುತ್ತದೆ. ಸಣ್ಣ ಲೇಬಲ್‌ನವರು ಕಾರ್ಖಾನೆಗೆ ದುಡ್ಡು ಕೊಟ್ಟು ಅಚ್ಚು ಹಾಕಿಸಬೇಕು, ಹಂಚಿಕೆದಾರರಿಂದ ವಸೂಲಿ ತಡ, ಹಾಗಾಗಿ ಸ್ವಲ್ಪವೇ ಹಾಕಿಸಿ ನಿಲ್ಲಿಸುತ್ತಿದ್ದರು. ಇಂಥವುಗಳಲ್ಲಿ ಗುಂಪಿನ ಹೆಸರು ಏನೂ ಹೇಳೋದಿಲ್ಲ. ಹಾಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದವರು, ವಾದ್ಯ ಸಂಯೋಜಿಸಿದವರು ಯಾರು ಅಂತ ಓದಿ. ಆಗಿನ ಹೆಸರಾಂತ ಹಾಡು ಬರೆಯುವ ಜೋಡಿಗಳಾದ ಗಾಫಿನ್-ಕಿಂಗ್, ಬ್ಯಾರಿ-ಗ್ರೀನ್‌ವಿಚ್, ವಾದ್ಯ ಸಂಯೋಜಕ ಜ್ಯಾಕ್ ನಿಟ್ಶೆ, ಇವರಲ್ಲಿ ಯಾರ ಹೆಸರು ಕಂಡರೂ ಅದನ್ನು ಮಾರುವ ಮೊದಲು ಕೇಳಿ ನೋಡಿ.

ಬ್ರಿಟನ್ನಿನವನ್ನು ತಾತ್ಸಾರ ಮಾಡಬೇಡಿ. ಫಿಲ್ಲೀಸ್ ಹಾಡುಗಳು ಅಲ್ಲಿ ಲಂಡನ್ ಲೇಬಲ್‌ನಲ್ಲಿ, ಶಿಫಾನ್ಸ್‌ರದ್ದು ಸ್ಟೇಟ್‌ಸೈಡ್‌ನಲ್ಲಿ, ಮಾರ್ವೆಲೆಟ್ಸ್‌ರ 1961ರ ಹಿಟ್ ಫಾಂಟಾನಾದಲ್ಲಿ ಬಂದವು. ವಿನೈಲ್ ಆದ್ದರಿಂದ ನಮ್ಮ ಹವೆಗೆ ಇವೇ ಹೆಚ್ಚು ಬಾಳುತ್ತವೆ. ಬೆಲೆ ಅಮೆರಿಕದ ಮೂಲ ಅಚ್ಚಿಗೆ, ಕಿವಿಗೆ ಲಂಡನ್ ಅಚ್ಚು ಅನ್ನೋದು ನನ್ನ ಅಭಿಪ್ರಾಯ.

ಕೋಡಿಬಾಗ್ ತಿರುಗುಮೇಜು (ಕಾರವಾರ)

ತುಂಬಾ ಉಪಕಾರ. ವಿಂಗಡಿಸಿ ನೋಡಿದೆ: 41ರಲ್ಲಿ 27 ಸ್ಟೈರೀನ್. ಎರಡು ಪ್ರಶ್ನೆ. ನೋಡಲು ಹೊಸದರ ಹಾಗೆ ಹೊಳೆಯುವ ಬಿಳಿ ಲೇಬಲ್‌ನ ಡಿಜೆ ಕಾಪಿಗಳು (ಕಂಪನಿ ರೇಡಿಯೋದವರಿಗೆ ಕಳಿಸುತ್ತಿದ್ದವು) ಮೂರಿವೆ. ಮೂರರಲ್ಲೂ ಹಾಡಿನ ಮೊದಲ ನಾಲ್ಕೈದು ಸೆಕೆಂಡು ಬಾಣಲೆಯಲ್ಲಿ ಹುರಿದ ಹಾಗೆ ಸದ್ದು, ಆಮೇಲೆ ಸ್ವಚ್ಛ. ತೊಳೆದರೂ ಹೋಗಿಲ್ಲ, ಯಾಕೆ? ಇನ್ನು ಇಡೋದು ಕಪಾಟಿನಲ್ಲಿ, ನುಸಿಗುಳಿಗೆ ಹಾಕಿ ಇಟ್ಟರೆ ಸಾಕಲ್ಲ?

ಸಿರ್ಸಿ ಸೂಜಿ

ಅದು ಕೊಳೆಯಲ್ಲ, ಸವೆತ. ಕ್ಯೂ ಬರ್ನ್ ಅಂತಾರೆ. ಹಾಡು ಸರಿಯಾಗಿ ಎತ್ತಿಕೊಳ್ಳಲಿ ಅಂತ ರೇಡಿಯೋದವರು ಪ್ಲೇಟನ್ನು ಹಿಂದೆ ಮುಂದೆ ಕೈಯಲ್ಲಿ ತಿರುಗಿಸುತ್ತಿದ್ದರು, ಅಷ್ಟು ಗೆರೆ ಉಜ್ಜಿಹೋಗಿದೆ. ಓರೆ ಬೆಳಕಿನಲ್ಲಿ ಹೊರ ಅಂಚಿನ ಎರಡು ಮೂರು ಮಿಲಿಮೀಟರ್ ಬೂದು ಬಣ್ಣ ಕಾಣುತ್ತದೆ. ಅದಕ್ಕೆ ಮದ್ದಿಲ್ಲ. ಇನ್ನು ಮುಂದೆ ಡಿಜೆ ಕಾಪಿ ಕೊಳ್ಳುವಾಗ ಮೊದಲ ಹತ್ತು ಸೆಕೆಂಡಿನ ರೆಕಾರ್ಡಿಂಗ್ ಕಳಿಸಿ ಅಂತ ಕೇಳಿ. ಸ್ಟೈರೀನ್‌ನಲ್ಲಿ ಬರೀ ಕಣ್ಣಲ್ಲಿ ನೋಡಿ ಕೊಟ್ಟ ಗ್ರೇಡನ್ನು (ಪ್ಲೇಟಿನ ಸ್ಥಿತಿಯ ದರ್ಜೆ) ನಂಬೋ ಹಾಗೇ ಇಲ್ಲ.

ಹೊನ್ನಾವರ ಬಂದರು

ನುಸಿಗುಳಿಗೆ ಹಾಕಿದ್ದರೆ ಈ ಕ್ಷಣ ತೆಗೆಯಿರಿ! ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನ್ ಅನ್ನು ಮೆತ್ತಗೆ ಮಾಡುತ್ತದೆ. ಮುಚ್ಚಿದ ಕಪಾಟಿನಲ್ಲಿ ಒಂದು ಮಳೆಗಾಲ ಇದ್ದರೆ ಪ್ಲೇಟಿನ ಮೈ ಅಂಟಂಟಾಗುತ್ತದೆ. ಸೀರೆಗೆ ಸರಿ, ಇದಕ್ಕಲ್ಲ.

ಬೂಷ್ಟಿಗೆ ಬೇಕಾದ್ದು ತೇವ ಮತ್ತು ಕಾಗದ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಯ ತೇವಾಂಶ 85 ಶೇಕಡಾಕ್ಕಿಂತ ಕೆಳಗೆ ಇಳಿಯೋದೇ ಅಪರೂಪ, ಪ್ಲೇಟಿಗೆ ಬೇಕಾದ್ದು 45ರಿಂದ 55. ಕೋಣೆಯನ್ನೇ ಒಣಗಿಸಲು ಹೋಗಬೇಡಿ, ಪೆಟ್ಟಿಗೆ ಒಣಗಿಸಿ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ, ನಿಮ್ಮ 64ಕ್ಕೆ 30 ಲೀಟರಿನದು ಧಾರಾಳ. ಒಳಗೆ ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಇಡಿ. ತೇವ ಹೀರುವ ಸಿಲಿಕಾ ಜೆಲ್ 250 ಗ್ರಾಂ, ಬಟ್ಟೆಯ ಚೀಲದಲ್ಲಿ ಕಟ್ಟಿ ಹಾಕಿ. ಅಷ್ಟ್ಯಾಕೆ ಅಂದರೆ, ಡಬ್ಬದ ಗಾಳಿಯಲ್ಲಿ ಇರುವ ನೀರು ಒಂದು ಗ್ರಾಮೂ ಇಲ್ಲ, ಕಾಗದದಲ್ಲಿದೆ. 7 ಇಂಚಿನ ಕಾಗದದ ಕವರ್ ಒಂದು ಐದಾರು ಗ್ರಾಂ ತೂಗುತ್ತದೆ. ಮಳೆಗಾಲದ ಕಾಗದ ತನ್ನ ತೂಕದ ಶೇಕಡಾ ಹತ್ತಕ್ಕಿಂತ ಹೆಚ್ಚು ನೀರು ಹಿಡಿದಿರುತ್ತದೆ, ಡಬ್ಬ ಮುಚ್ಚಿದ ಮೇಲೆ ಅದನ್ನು ನಿಧಾನ ಬಿಡುತ್ತಾ ಹೋಗುತ್ತದೆ. ಎರಡು ಪುಟ್ಟ ಪೊಟ್ಟಣ ಜೆಲ್ ಹಾಕಿ ಸುಮ್ಮನಾದವರಿಗೆ ಬೂಷ್ಟು ಡಬ್ಬದ ಒಳಗೇ ಬರೋದು ಇದಕ್ಕೇ.

ಕಿತ್ತಳೆ ಬಣ್ಣದ ಜೆಲ್ ತೊಗೊಳ್ಳಿ. ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಪಾತ್ರೆಗೆ ತಾಗಬಾರದು. ಬಣ್ಣ ತಿರುಗಿದಾಗ ಬೇರೆಯದೇ ಹಳೇ ಬಾಣಲೆಯಲ್ಲಿ ಅಥವಾ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ. ಅದಕ್ಕಿಂತ ಬಿಸಿ ಮಾಡಿದರೆ ಸೂಚಕ ಬಣ್ಣವೇ ಸುಟ್ಟುಹೋಗುತ್ತದೆ, ಒಣಗಿದೆಯೋ ಇಲ್ಲವೋ ಗೊತ್ತಾಗೋದಿಲ್ಲ. ಮಳೆಗಾಲದಲ್ಲಿ ಮೂರು ನಾಲ್ಕು ಸಲ ಬೇಕಾದೀತು. ಹೊಸ ಕವರುಗಳನ್ನು ಬಿಸಿಲಿಗೆ ಒಣಗಿಸಿಯೇ ಹಾಕಿ. ಹೊರಗಿನ ಪ್ಲಾಸ್ಟಿಕ್ ಕವರ್ ಪಾಲಿಪ್ರೊಪಿಲೀನ್‌ನದ್ದು ಇರಲಿ. ಮೆತ್ತನೆ ಪಿವಿಸಿ ಕವರ್ ನಮ್ಮ ಸೆಕೆಗೆ ಬೆವರಿ ವಿನೈಲ್ ಮೇಲೆ ಮಂಜು ಬಿಡುತ್ತದೆ, ಅದು ಒರೆಸಿದರೆ ಹೋಗೋದಿಲ್ಲ.

ಪ್ಲೇಟು ಯಾವಾಗಲೂ ನೆಟ್ಟಗೆ ನಿಲ್ಲಿಸಿ. ಅಟ್ಟದ ಮೇಲೆ ಬೇಡ, ಹಂಚಿನಡಿ ಏಪ್ರಿಲ್ ಸೆಕೆಗೆ ಸೊಟ್ಟಗಾಗುತ್ತವೆ. ಗೋಡೆಗೆ ತಾಗಿಸಿಯೂ ಬೇಡ, ಒರಲೆ ಬರೋದು ಅಲ್ಲಿಂದಲೇ.

ಕುಮಟಾ ಮಾನೋ

ಟರ್ನ್‌ಟೇಬಲ್ ಪ್ರಶ್ನೆ ಎಲ್ಲರೂ ಮರೆತರು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಾಯಿಸೋದಿಲ್ಲ. ಹಳೇ ಎಸಿ ಸಿಂಕ್ರೋನಸ್ ಮೋಟರ್ ಆದರೆ ಅಮೆರಿಕದ 60 ಹರ್ಟ್ಸ್‌ಗೆ ಮಾಡಿದ್ದು ನಮ್ಮ 50ರಲ್ಲಿ ನಿಧಾನ ಓಡುತ್ತದೆ. 45 ಇದ್ದದ್ದು 37.5 ಆಗಿ, ರಾನೆಟ್ಸ್ ತಂಡದ ಹುಡುಗಿಯರು ಗಂಡಸರ ಹಾಗೆ ಹಾಡುತ್ತಾರೆ. 50 ಹರ್ಟ್ಸ್‌ನ ದಪ್ಪ ಪುಲ್ಲಿ ಸಿಕ್ಕರೆ ಹಾಕಿ, ಇಲ್ಲದಿದ್ದರೆ ಡಿಸಿ ಮೋಟರಿನ ಹೊಸದು ಕೊಳ್ಳಿ.

ಸೂಜಿ ಕೋನಿಕಲ್, ಅಂದರೆ ಗುಂಡು ತುದಿಯದು ಇರಲಿ. ಆಡಿಯೋ ಟೆಕ್ನಿಕಾ ವಿಎಂ95ಸಿ ಕಾರ್ಟ್ರಿಜ್ (ಸೂಜಿ ಕೂರುವ ತಲೆ) ಸಾಕು, ಭಾರ 2 ಗ್ರಾಂ. ಅದೇ ಕಾರ್ಟ್ರಿಜ್‌ಗೆ ವಿಎಂ95ಎಸ್‌ಪಿ ಸೂಜಿ ಚುಚ್ಚಿದರೆ 78ಕ್ಕೆ ಆಯಿತು, 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ತುದಿ, 5 ಗ್ರಾಂ. ಎಲ್‌ಪಿ ಸೂಜಿಯಲ್ಲಿ 78 ಹಾಕಿದರೆ ಅದು ಅಗಲ ಗೆರೆಯ ತಳದಲ್ಲಿ ಕೊಳೆ ಕೆರೆಯುತ್ತಾ ಹೋಗುತ್ತದೆ. ಈ ಸಿಂಗಲ್‌ಗಳು ಮಾನೋ, ಅಂದರೆ ಒಂದೇ ಚಾನೆಲ್‌ನವು, ಆಂಪ್‌ನಲ್ಲಿ ಮಾನೋ ಗುಂಡಿ ಇದ್ದರೆ ಒತ್ತಿ. ಗೆರೆಯ ಮೇಲೆ-ಕೆಳಗಿನ ಕುಲುಕಾಟದ ಸದ್ದು ಎರಡು ಚಾನೆಲ್‌ನಲ್ಲಿ ಒಂದಕ್ಕೊಂದು ಹೊಡೆದುಹೋಗಿ ಕರಕರ ಅರ್ಧಕ್ಕರ್ಧ ಇಳಿದ ಹಾಗೆ ಅನಿಸುತ್ತದೆ.

ಸಿರ್ಸಿ ಸೂಜಿ

ಕೋನಿಕಲ್ ವಿಷಯದಲ್ಲಿ ಮಾನೋ ಅವರ ಜೊತೆ ಪೂರ್ತಿ ಒಪ್ಪಿಗೆ ಇಲ್ಲ. ಹಿಂದಿನವರ ಕೋನಿಕಲ್ ಸೂಜಿ ಸವೆಸಿದ ಜಾಗವನ್ನು ಬಿಟ್ಟು ಇಲಿಪ್ಟಿಕಲ್ (ಅಂಡಾಕಾರದ ತುದಿಯ ಸೂಜಿ) ಬೇರೆ ಎತ್ತರದಲ್ಲಿ ಕೂರುತ್ತದೆ, ಕೆಲವು ಹಾಳಾದ ವಿನೈಲ್‌ಗಳು ಅದರಲ್ಲಿ ಚೆನ್ನಾಗಿ ಕೇಳಿಸುತ್ತವೆ. ಸ್ಟೈರೀನ್‌ಗೆ ಮಾತ್ರ ಕೋನಿಕಲ್ಲೇ.

ದೊಡ್ಡ ತೂತಿಗೆ, ಅಂದರೆ 38 ಮಿಲಿಮೀಟರಿನದಕ್ಕೆ, ಒಳಗೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಚಕ್ರ ಹಾಕಬೇಡಿ. ಸ್ಟೈರೀನ್ ಸೀಳೋದು ತೂತಿನ ಅಂಚಿನಿಂದಲೇ. ಸ್ಪಿಂಡಲ್ ಮೇಲೆ ಇಡುವ ಅಲ್ಯೂಮಿನಿಯಂ ಅಡಾಪ್ಟರ್ ತನ್ನಿ. ಈಗಾಗಲೇ ಚಕ್ರ ಕೂತಿರುವ ಪ್ಲೇಟಿದ್ದರೆ ಕೀಳಲು ಹೋಗಬೇಡಿ, ಹಾಗೇ ನುಡಿಸಿ.

ಹೊನ್ನಾವರ ಬಂದರು

ಆ ಆರು ಕೊಂಕಣಿ ಪ್ಲೇಟುಗಳಲ್ಲಿ ಗಾಯಕಿ ಲೋರ್ನಾ, ಸಂಗೀತಗಾರ ಕ್ರಿಸ್ ಪೆರಿ ಅಂತ ಹೆಸರಿದ್ದರೆ ಲೇಬಲ್‌ನ ಎರಡೂ ಬದಿಯ ಫೋಟೋ ಹಾಕಿ. ಬದಲಿಗೆ ಕೊಡಲು ನನ್ನ ಹತ್ತಿರ ರೆಡ್ ಬರ್ಡ್ ಎರಡಿವೆ, ಎರಡೂ ವಿನೈಲ್, ಗೀರಿಲ್ಲ.