ಅರಸ ಡಂಕನ್‌ನನ್ನು ಕೊಲ್ಲಲಿಕ್ಕೆ ಮ್ಯಾಕ್‌ಬೆತ್‌ಗೆ ಕಾರಣ ಎಂತದು?

ಪ್ರಶ್ನೆ (ಉಡುಪಿ):
ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ರಿಹರ್ಸಲ್ ನಡೀತಾ ಉಂಟು. ಅಂಕ 1, ದೃಶ್ಯ 7ರ ಸ್ವಗತವನ್ನು ಪಾತ್ರಧಾರಿ ತಾಳಮದ್ದಳೆಯಲ್ಲಿ ವಾದ ಮಾಡುವ ಅರ್ಥದ ಹಾಗೆ, ಕೊಲೆಯ ಸಮರ್ಥನೆಯಾಗಿ ಹೇಳ್ತಾರೆ. ಸಪ್ಪೆಯಾಗ್ತದೆ. ಮ್ಯಾಕ್‌ಬೆತ್‌ನ ನಿಜವಾದ ಕಾರಣ ಮಾಟಗಾತಿಯರ ಮಾತಾ, ಹೆಂಡತಿಯ ಒತ್ತಾಯವಾ? ಸಮಯ ಉಳಿಸಲಿಕ್ಕೆ ದೃಶ್ಯ 4 ತೆಗೆದಿದ್ದೇವೆ.

ಉತ್ತರ 1 (ಮಂಗಳೂರು):
ಆ ಸ್ವಗತದಲ್ಲಿ ಸಮರ್ಥನೆಯೇ ಇಲ್ಲ ಮಾರಾಯ್ರೆ. ಸಾಲು ಸಾಲಾಗಿ ನೋಡಿ: ನಾನು ಅವನ ಬಂಧು, ಅವನ ಪ್ರಜೆ, ಇವತ್ತು ಅವನು ನನ್ನ ಮನೆಯ ಅತಿಥಿ, ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನೇ ನಾನು. ಅರಸನೋ ಸೌಮ್ಯ, ಕೈ ಶುದ್ಧ. ಎಲ್ಲವೂ ಬೇಡ ಎನ್ನುವ ಕಡೆಗೇ. ಬೇಕು ಎನ್ನಲಿಕ್ಕೆ ಉಳಿಯುವುದು ಹಾರಲು ಹೋಗಿ ಆಚೆ ಬೀಳುವ ಮಹತ್ವಾಕಾಂಕ್ಷೆ ಒಂದೇ. ಕೌರವನ ಅರ್ಥ ಹೇಳುವವರಿಗೆ ಎದುರಾಳಿ ಇರ್ತಾರೆ. ಇಲ್ಲಿ ತನ್ನ ವಿರುದ್ಧ ವಾದಿಸುವವನೂ ಅವನೇ. ದನಿ ಏರಿಸಬಾರದು. "ಈ ಕೆಲಸ ಇಲ್ಲಿಗೆ ಸಾಕು" ಎಂದು ಹೆಂಡತಿಗೆ ಹೇಳುವಾಗ ಅವನು ನಿಜಕ್ಕೂ ಕೈಬಿಟ್ಟಿರಬೇಕು. ಇಲ್ಲದಿದ್ದರೆ ಅವಳು ಅವನ ಗಂಡಸುತನ ಕೆಣಕುವ ಮಾತು ನಾಟುವುದೇ ಇಲ್ಲ.

ದೃಶ್ಯ 4 ತೆಗೆಯಲೇಬೇಡಿ. ಮಾಟಗಾತಿಯರು ಅರಸನಾಗ್ತಿ ಎಂದರು, ಕೊಲ್ಲು ಎಂದಿಲ್ಲ. ದೃಶ್ಯ 4ರಲ್ಲಿ ಡಂಕನ್‌ನ ಮಗ ಮಾಲ್ಕಮ್‌ಗೆ ಯುವರಾಜ ಪಟ್ಟ ಘೋಷಣೆಯಾದ ಕೂಡಲೇ ನಕ್ಷತ್ರಗಳು ಬೆಳಕು ಅಡಗಿಸಲಿ, ತನ್ನ ಕಪ್ಪು ಆಸೆ ಕಾಣದಿರಲಿ ಅಂತಾನೆ. ಆಗ ಅವನಿನ್ನೂ ಹೆಂಡತಿಯ ಮುಖ ನೋಡಿಲ್ಲ. ಆ ಮಾತು ಹೋದರೆ ಕೊಲೆಯ ಹೊಣೆಯೆಲ್ಲ ಅವಳ ತಲೆಗೆ.

ಉತ್ತರ 2 (ಮಣಿಪಾಲ):
ನೆಪಗಳು ಶುರುವಾಗುವುದು ಕೊಲೆಯ ನಂತರ, ಅದೂ ಬೇರೆಯವರಿಗಾಗಿ. ಅಂಕ 2, ದೃಶ್ಯ 3ರಲ್ಲಿ ಕಾವಲಿನವರನ್ನು ಕೊಂದದ್ದಕ್ಕೆ ಅರಸನ ಮೇಲಿನ ಪ್ರೀತಿ ತಡೆಯಲಿಲ್ಲ ಅಂತಾನೆ. ಬೆಳ್ಳಿಯಂಥ ಚರ್ಮ, ಚಿನ್ನದಂಥ ರಕ್ತ! ಅಲಂಕಾರ ಜಾಸ್ತಿಯಾಯ್ತು ಎಂದು ಸಭೆಗೆ ಅನುಮಾನ ಬರಬೇಕು. ಅದಕ್ಕೆ ಮೊದಲು ಸರದಾರ ಮ್ಯಾಕ್‌ಡಫ್ "ಯಾಕೆ ಹಾಗೆ ಮಾಡಿದಿರಿ?" ಎಂದು ಕೇಳ್ತಾನಲ್ಲ, ಅದಾದ ಮೇಲೆ ಎರಡು ಕ್ಷಣ ಮೌನ ಕೊಡಿ. ನಿಮ್ಮ ಅರ್ಥಗಾರಿಕೆಯ ಗತ್ತು ಅಲ್ಲಿಗೆ ಸರಿಹೊಂದ್ತದೆ.

ಅಂಕ 3ರಲ್ಲಿ ಬಾಡಿಗೆ ಕೊಲೆಗಾರರಿಗೆ ನಿಮ್ಮನ್ನು ಹಾಳು ಮಾಡಿದ್ದು ತನ್ನ ಜೊತೆಗಾರ ದಳಪತಿ ಬ್ಯಾಂಕೋ ಅಂತಾನೆ. ಒಳಗಿನ ಉರಿ ಬೇರೆ, ಮಾಟಗಾತಿಯರು ಹೇಳಿದ ಹಾಗೆ ಕಿರೀಟ ಬ್ಯಾಂಕೋನ ಸಂತತಿಗೆ ಹೋಗ್ತದಲ್ಲ ಎಂದು. ಮ್ಯಾಕ್‌ಡಫ್‌ನ ಹೆಂಡತಿ, ಮಕ್ಕಳನ್ನು ಕೊಲ್ಲಿಸುವ ಹೊತ್ತಿಗೆ ನೆಪವೂ ಬೇಡ.

ಉತ್ತರ 3 (ಮಂಗಳೂರು):
ಕವಿ ಆಧಾರವಾಗಿ ಬಳಸಿದ ಹಾಲಿನ್‌ಶೆಡ್‌ನ ಇತಿಹಾಸದಲ್ಲಿ ಡಂಕನ್ ದುರ್ಬಲ ಅರಸ. ಮಾಲ್ಕಮ್‌ಗೆ ಪಟ್ಟ ಹೇಳಿದ್ದರಿಂದ ಮ್ಯಾಕ್‌ಬೆತ್‌ನ ಹಕ್ಕಿಗೆ ಪೆಟ್ಟು ಬಿತ್ತು ಎಂಬ ದೂರು ಉಂಟು, ಬ್ಯಾಂಕೋ ಕೂಡ ಸಂಚಿನಲ್ಲಿ ಪಾಲುದಾರ. ನಾಟಕದಲ್ಲಿ ಇವೆಲ್ಲ ಮಾಯ. ಚರಿತ್ರೆಯ ಡಂಕನ್ ಸತ್ತದ್ದು 1040ರಲ್ಲಿ, ಕಾಳಗದಲ್ಲಿ. ಕವಿ ಬೇಕೆಂದೇ ಕಿತ್ತು ಹಾಕಿದ ಕಾರಣವನ್ನು ಪಾತ್ರಧಾರಿ ದನಿಯಲ್ಲಿ ವಾಪಸ್ ತುಂಬಿಸಬಾರದು.

ಪ್ರಶ್ನೆ ಕೇಳಿದವರು:
ದೃಶ್ಯ 4 ಸೇರಿಸ್ತೇವೆ. ನಕ್ಷತ್ರದ ಮಾತನ್ನು ಪ್ರೇಕ್ಷಕರ ಕಡೆ ತಿರುಗಿ ಹೇಳಬೇಕಾ?

ಉತ್ತರ 1 (ಮಂಗಳೂರು):
ಬೇಡ, ಹೊರಡುತ್ತಾ ತನಗೆ ಮಾತ್ರ ಕೇಳುವ ಹಾಗೆ. ಹಿಂದೆ ಡಂಕನ್ ಬ್ಯಾಂಕೋನ ಹತ್ತಿರ ಇವನನ್ನೇ ಹೊಗಳ್ತಾ ಇರ್ತಾನೆ.