ಹಳೆಯ ಕಾರಿನ ಹಿಂಬದಿ ಗಾಜಿನಲ್ಲಿ ಸೋರಿಕೆ, ರಬ್ಬರಿನ ಅಡಿಯಲ್ಲಿ ತುಕ್ಕು

ಪ್ರಶ್ನೆ

ನನ್ನ ಬಳಿ 1960ರ ದಶಕದ ಒಂದು ಕಾರಿದೆ. ಮಳೆ ಬಂದಾಗಲೆಲ್ಲ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಹಿಂದಿನ ಸೀಟಿನ ಹಿಂಬದಿಯ ಹಲಗೆಯ ಮೂಲೆಗಳೂ ಒದ್ದೆಯಾಗುತ್ತವೆ. ಗಾಜಿನ ಸುತ್ತಲಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿದ್ದು, ಎಡ ಮೂಲೆಯಲ್ಲಿ ರಬ್ಬರಿನ ತುಟಿಯನ್ನು ಉಗುರಿನಿಂದ ಎತ್ತಿದರೆ ತುಕ್ಕಿನ ಚಕ್ಕೆಗಳು ಉದುರುತ್ತವೆ. ಇದೇ ಗಾಜು ಮತ್ತೆ ಸಿಗುವುದು ಕಷ್ಟವಾದ್ದರಿಂದ ಕಳಚಲು ಹಿಂಜರಿಯುತ್ತಿದ್ದೇನೆ. ಹೊರಗಿನಿಂದ ಸಿಲಿಕೋನ್ ತುಂಬಿದರೆ ಸಾಕಾಗುವುದೇ ಎಂದು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಸಿಲಿಕೋನ್ ಖಂಡಿತ ಬೇಡ. ಹುಳಿ ವಾಸನೆಯ ಸಾಮಾನ್ಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಣ್ಣ ಕಳೆದುಕೊಂಡ ತಗಡಿಗೆ ಅದು ಇನ್ನಷ್ಟು ತುಕ್ಕು ಹಿಡಿಸುತ್ತದೆ. ಅದರ ಅಂಶ ಉಳಿದ ಜಾಗದಲ್ಲಿ ಮುಂದೆ ಬಣ್ಣವೂ ಸರಿಯಾಗಿ ಕೂರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ರಬ್ಬರಿನ ಒಳಗೆ ಈಗಾಗಲೇ ಸೇರಿರುವ ತೇವ ಅಲ್ಲಿಯೇ ಬಂಧಿಯಾಗಿ, ಕಣ್ಣಿಗೆ ಕಾಣದಂತೆ ತಗಡನ್ನು ತಿನ್ನುತ್ತಾ ಹೋಗುತ್ತದೆ.

ಆದರೂ ಡಿಕ್ಕಿಯ ನೀರೆಲ್ಲ ಗಾಜಿನಿಂದಲೇ ಬರುತ್ತಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಡಿಕ್ಕಿ ಬಾಗಿಲಿನ ರಬ್ಬರ್, ಹಿಂದಿನ ದೀಪಗಳ ಗ್ಯಾಸ್ಕೆಟ್, ಚಾವಣಿ ಅಂಚಿನ ಜೋಡಣೆ, ಇವೂ ಸೋರಬಹುದು. ಹಲಗೆಯನ್ನೂ ಒಳ ಹೊದಿಕೆಯನ್ನೂ ತೆಗೆದು, ತಗಡನ್ನು ಒರೆಸಿ ಒಣಗಿಸಿ, ಅದರ ಮೇಲೆ ತೆಳ್ಳಗೆ ಟಾಲ್ಕಂ ಪುಡಿ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತಿರಲಿ, ಇನ್ನೊಬ್ಬರು ಪೈಪಿನಿಂದ ಸಣ್ಣಗೆ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಇಳಿದು ಬರುವ ನೀರು ಎಲ್ಲ ಜಾಗಗಳನ್ನೂ ಒಟ್ಟಿಗೆ ನೆನೆಸುವುದರಿಂದ ಸೋರುವ ಜಾಗ ಯಾವುದೆಂದು ಗೊತ್ತಾಗುವುದಿಲ್ಲ. ನೀರು ಹರಿದ ದಾರಿ ಪುಡಿಯಲ್ಲಿ ಗೆರೆಯಾಗಿ ಕಾಣುತ್ತದೆ.

ಉತ್ತರ 2

ನೀವು ಹೇಳಿದ ಚಕ್ಕೆಗಳನ್ನು ಗಮನಿಸಿದರೆ, ಪರೀಕ್ಷೆಯ ಫಲ ಏನೇ ಬಂದರೂ ಗಾಜನ್ನು ತೆಗೆಯದೆ ಬೇರೆ ದಾರಿಯಿಲ್ಲ. ಗಾಜನ್ನು ಉಳಿಸಿಕೊಳ್ಳಬೇಕೆಂದರೆ ಹಳೆಯ ರಬ್ಬರಿನ ಆಸೆ ಬಿಡಿ. ಕ್ರೋಮ್ ಪಟ್ಟಿಯಿದ್ದರೆ ಮೊದಲು ಅದನ್ನು ಬಿಡಿಸಿ, ರಬ್ಬರಿನ ಹೊರತುಟಿಯನ್ನು ಬ್ಲೇಡಿನಿಂದ ಸುತ್ತಲೂ ಕತ್ತರಿಸಿ, ಒಳಗಿನಿಂದ ಅಂಗೈಯಲ್ಲಿ ಒತ್ತಿದರೆ ಗಾಜು ಹೊರಕ್ಕೆ ಬರುತ್ತದೆ. ಹೊರಗೆ ಇಬ್ಬರು ಹಿಡಿದುಕೊಳ್ಳಲಿ. ಹಿಂಬದಿ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಗಾಜಾಗಿರುತ್ತದೆ. ಅದರ ಮೈ ಸಾಕಷ್ಟು ಒತ್ತಡ ತಡೆದರೂ ಅಂಚಿಗೆ ಸಣ್ಣ ಪೆಟ್ಟು ಬಿದ್ದರೆ ಇಡೀ ಗಾಜು ಹರಳುಹರಳಾಗಿ ಪುಡಿಯಾಗುತ್ತದೆ, ಆದ್ದರಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಕೆಲಸವನ್ನು ಯಾರಿಗೂ ಮಾಡಗೊಡಬೇಡಿ.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಧನ್ಯವಾದಗಳು. ನೀರು ಎರಡೂ ಕೆಳ ಮೂಲೆಗಳಿಂದಲೇ ಬರುತ್ತಿತ್ತು. ಗಾಜು ಸುರಕ್ಷಿತವಾಗಿ ಹೊರಬಂದಿದೆ. ಕೆಳ ಅಂಚಿನ ನಡುಭಾಗದಲ್ಲಿ ಮೇಲ್ಮೈ ತುಕ್ಕು ಮಾತ್ರ ಇದೆ. ಮೂಲೆಗಳಲ್ಲಿ ಬೆರಳು ತೂರುವಷ್ಟು ತೂತುಗಳಿವೆ. ಅಲ್ಲಿ ಪುಟ್ಟಿ ತುಂಬಬಹುದೇ, ಅಥವಾ ಮೇಲೊಂದು ತಗಡಿನ ತುಂಡನ್ನು ಕೂರಿಸಬೇಕೇ?

ಉತ್ತರ 3

ಎರಡೂ ಬೇಡ. ಪುಟ್ಟಿ ತೇವವನ್ನು ಹೀರಿಕೊಂಡು ಒಳಗಿನಿಂದ ಮತ್ತೆ ತುಕ್ಕು ಹಿಡಿಸುತ್ತದೆ. ಹಳೆಯ ಅಂಚಿನ ಮೇಲೆ ತುಂಡು ಹೊದಿಸಿದರೆ ಅಂಚು ದಪ್ಪವಾಗುತ್ತದೆ. ರಬ್ಬರಿನ ಕಾಲುವೆ ಮೂಲ ತಗಡಿನ ದಪ್ಪಕ್ಕೆ ತಕ್ಕಂತೆ ಮಾಡಿರುವುದರಿಂದ ತುಟಿ ಕೂರದೆ, ಹೊಸ ರಬ್ಬರ್ ಹಾಕಿದ ಮೇಲೂ ಅದೇ ಮೂಲೆ ಸೋರುತ್ತದೆ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಗಡನ್ನು ಅಂಚಿಗೆ ಅಂಚು ತಾಗಿಸಿ ಬೆಸೆಯಬೇಕು. ಒಂದೇ ಉಸಿರಿಗೆ ಬೆಸುಗೆ ಎಳೆದರೆ ತಗಡು ಸೊಟ್ಟಗಾಗುತ್ತದೆ; ಚುಕ್ಕೆ ಚುಕ್ಕೆಯಾಗಿ, ನಡುವೆ ಆರಲು ಬಿಟ್ಟು ಬೆಸೆದು, ಕೊನೆಗೆ ಸಮತಟ್ಟಾಗಿ ಉಜ್ಜಿಸಿ.

ನಡುಭಾಗದ ತುಕ್ಕನ್ನು ತಂತಿ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೆ ತೆಗೆಯಿರಿ. ಸಣ್ಣ ಕುಳಿಗಳಲ್ಲಿ ಉಳಿಯುವ ತುಕ್ಕಿಗೆ ಮಾತ್ರ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿ, ಡಬ್ಬಿಯ ಮೇಲಿನ ಸೂಚನೆಯಂತೆ ಅದನ್ನು ಪೂರ್ತಿ ತೊಳೆದು ಒಣಗಿಸಿದ ಮೇಲೆಯೇ ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಬಣ್ಣ ಪೂರ್ತಿ ಗಟ್ಟಿಯಾಗುವ ಮುನ್ನ ಗಾಜು ಕೂರಿಸಲು ಅವಸರಪಡಬೇಡಿ, ರಬ್ಬರ್ ಹಸಿ ಬಣ್ಣವನ್ನು ಕಿತ್ತು ತರುತ್ತದೆ.

ಕೂರಿಸುವಾಗ ಮೊದಲು ರಬ್ಬರನ್ನು ಗಾಜಿಗೆ ತೊಡಿಸಿ, ತಗಡು ಕೂರುವ ಕಾಲುವೆಯೊಳಗೆ ಸುತ್ತಲೂ ಒಂದು ಗಟ್ಟಿ ಹುರಿಯನ್ನು ಇಟ್ಟು, ಅದರ ಎರಡೂ ತುದಿಗಳನ್ನು ಕೆಳ ಅಂಚಿನ ನಡುವೆ ಒಳಕ್ಕೆ ಬಿಡಿ. ಸಾಬೂನು ನೀರು ಹಚ್ಚಿ, ಹೊರಗಿನಿಂದ ಒಬ್ಬರು ಅಂಗೈಯಿಂದ ಒತ್ತುತ್ತಿರುವಾಗ ಒಳಗಿನವರು ಹುರಿಯನ್ನು ಎಳೆದಂತೆಲ್ಲ ತುಟಿ ತಗಡನ್ನು ದಾಟಿ ಒಳಗೆ ಬೀಳುತ್ತದೆ. ಗಾಜು ಕೂತ ಮೇಲೆ ಹೊರತುಟಿಯ ಅಡಿಗೆ, ವಿಶೇಷವಾಗಿ ಕೆಳ ಮೂಲೆಗಳಲ್ಲಿ, ಎಂದಿಗೂ ಗಟ್ಟಿಯಾಗದ ಬಗೆಯ ಸೀಲಂಟ್ ತುಂಬಿ. ಕ್ರೋಮ್ ಪಟ್ಟಿಯ ಕ್ಲಿಪ್ಪುಗಳಿಗೆ ತಗಡಿನಲ್ಲಿ ರಂಧ್ರಗಳಿದ್ದರೆ ಅವುಗಳ ಅಂಚಿಗೂ ಬಣ್ಣ ಮತ್ತು ಸೀಲಂಟ್ ಹಚ್ಚಬೇಕು; ಎಷ್ಟೋ ಕಾರುಗಳಲ್ಲಿ ತುಕ್ಕು ಆರಂಭವಾಗುವುದೇ ಅಲ್ಲಿಂದ.